ಮೇಲ್ಮುದ್ದಿ ಮನೆಯೂ ಕರಲು ಮಣ್ಣೂ

ಮಳೆಗಾಲ ಹತ್ತಿರ ಬಂತೆಂದರೆ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಮೊದಲು ಮಾಳಿಗೆ ಹತ್ತುತ್ತಿದ್ದರು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಕೊನೆಗೆ ಮಣ್ಣು. ಇದೇ ನಮ್ಮ ಮೇಲ್ಮುದ್ದಿ ಮನೆ.

ಮೇಲೆ ಹಾಕಲು ಹೊಲದ ಎರೆಮಣ್ಣು ನಡೆಯುವುದಿಲ್ಲ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ, ಮೊದಲ ಮಳೆಯೇ ಒಳಗಿಳಿಯುತ್ತದೆ. ಬೇಕಾದದ್ದು ಬೆಳೆ ಬಾರದ ಕರಲು ಮಣ್ಣು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಕಣಗಳು ಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ, ನೀರು ಮೇಲೆಯೇ ಹರಿದುಹೋಗುತ್ತದೆ. ಹೊಲ ಕೆಡಿಸುವ ಮಣ್ಣೇ ಮನೆ ಕಾಯುತ್ತಿತ್ತು.

1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ನಮ್ಮ ಊರುಗಳಿಗೂ ಬಂತು. ಇಳಿಜಾರು ಇದ್ದುದರಿಂದ ನೀರು ನಿಲ್ಲಲಿಲ್ಲ. ಆಮೇಲೆ ಆರ್‌ಸಿಸಿ ಬಂತು. ವರ್ಷಕ್ಕೊಮ್ಮೆ ಮಣ್ಣು ಹಾಕುವ ಕೆಲಸ ತಪ್ಪಿತು, ಮಾಳಿಗೆ ಹತ್ತಿ ನೋಡುವ ರೂಢಿಯೂ ತಪ್ಪಿತು.

ಹಳೆಯ ಮನೆಗಳು ಮಾತ್ರ ಇನ್ನೂ ಇವೆ. 2019ರ ಆಗಸ್ಟ್ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಸೋರಿದ ನೀರು ಗೋಡೆಗಿಳಿದರೆ ಗೋಡೆ ಮೆತ್ತಗಾಗುತ್ತದೆ. ಹಳೆ ಮಣ್ಣು ಕೆರೆದು ತೆಗೆಯದೆ ಹೊಸದನ್ನೇ ಸುರಿಯುತ್ತ ಹೋದರೆ ಭಾರವೂ ಏರುತ್ತದೆ.

ಆದ್ದರಿಂದ ಮೇ ತಿಂಗಳಲ್ಲೇ ಹಳೆ ಮಣ್ಣು ಕೆರೆಯಿರಿ, ನೀರು ಹೋಗುವ ಕೊಳವೆಯ ಕಸ ತೆಗೆಯಿರಿ, ಬಿರುಕು ತುಂಬಿರಿ. ಆರ್‌ಸಿಸಿ ಮನೆಯವರೂ ಕೊಳವೆ, ಬಿರುಕು ನೋಡಿಕೊಳ್ಳಬೇಕು. ತೊಲೆ ಬಾಗಿದ್ದರೆ ಅಥವಾ ಗೋಡೆ ಉಬ್ಬಿದ್ದರೆ, ಮಳೆಯ ರಾತ್ರಿ ಅದರಡಿ ಯಾರೂ ಮಲಗಬೇಡಿ.