ಜಗಳದಲ್ಲಿ ಹುಟ್ಟಿ ಸ್ನೇಹದಲ್ಲಿ ಉಳಿದ ಯಂತ್ರ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಸಮೀಪದ ಕ್ಲೈಡ್‌ಬ್ಯಾಂಕ್ ಪಟ್ಟಣದಲ್ಲಿ ‘ಸಿಂಗರ್’ ಎಂಬ ಹೆಸರಿನ ರೈಲು ನಿಲ್ದಾಣವೊಂದಿದೆ. ಇಂದಿಗೂ ಅಲ್ಲಿ ರೈಲುಗಳು ನಿಲ್ಲುತ್ತವೆ. ಹೆಸರು ಕೊಟ್ಟ ಕಾರ್ಖಾನೆ ಮಾತ್ರ ಇಲ್ಲ. 1885ರಲ್ಲಿ ಆರಂಭವಾದ ಸಿಂಗರ್ ಕಂಪನಿಯ ಆ ಹೊಲಿಗೆ ಯಂತ್ರದ ಕಾರ್ಖಾನೆ ತನ್ನ ಕಾಲದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿತ್ತು. ಮೊದಲನೆಯ ಮಹಾಯುದ್ಧದ ಹಿಂದಿನ ವರ್ಷ, 1913ರಲ್ಲಿ, ಅಲ್ಲಿಂದ ಸುಮಾರು 13 ಲಕ್ಷ ಯಂತ್ರಗಳು ಹೊರಬಂದವು. 1980ರಲ್ಲಿ ಅದು ಬಾಗಿಲು ಮುಚ್ಚಿತು. ಆದರೆ ಅಲ್ಲಿ ತಯಾರಾದ ಯಂತ್ರಗಳು ಪುಣೆಯ ಪೇಟೆಗಳ ಓಣಿಗಳಲ್ಲಿ, ಮುಂಬಯಿಯ ಚಾಳುಗಳಲ್ಲಿ, ನಮ್ಮೂರುಗಳ ದರ್ಜಿಯಂಗಡಿಗಳಲ್ಲಿ ಇನ್ನೂ ಓಡುತ್ತಿವೆ.

ತಯಾರಿಸಿದ ಕಾರ್ಖಾನೆಯೇ ಇಲ್ಲವಾದ ಮೇಲೂ ಒಂದು ವಸ್ತು ಇಷ್ಟು ಕಾಲ ಬದುಕುವುದು ಹೇಗೆ? ಎರಕದ ಕಬ್ಬಿಣ ಗಟ್ಟಿ ಎಂಬ ಉತ್ತರ ಅರ್ಧ ಮಾತ್ರ ನಿಜ. ಅದೇ ಕಾಲದ, ಅಷ್ಟೇ ಗಟ್ಟಿಯಾದ ಎಷ್ಟೋ ಯಂತ್ರಗಳು ಗುಜರಿ ಸೇರಿ ಕರಗಿಹೋಗಿವೆ. ಹೊಲಿಗೆ ಯಂತ್ರವನ್ನು ಉಳಿಸಿದ್ದು ಅದರ ಸುತ್ತ ಹೆಣೆದುಕೊಂಡ ಜನರ ನಂಟು. ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಏಕೆಂದರೆ ಹುಟ್ಟುವಾಗ ಈ ಯಂತ್ರ ಕಂಡಷ್ಟು ಜಗಳವನ್ನು ಬೇರೆ ಗೃಹೋಪಯೋಗಿ ವಸ್ತುಗಳು ಕಂಡದ್ದು ಕಡಿಮೆ.

ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದು, ಪ್ಯಾರಿಸ್ಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಯಾಗಾರವೊಂದರಲ್ಲಿ ಅದನ್ನು ಬಳಕೆಗೆ ತಂದನು. ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಹೆದರಿದ ದರ್ಜಿಗಳು ಮರುವರ್ಷವೇ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಅಮೆರಿಕದಲ್ಲಿ, ಮುಂದೆ ಸೇಫ್ಟಿ ಪಿನ್ನಿನಿಂದ ಹೆಸರಾದ ವಾಲ್ಟರ್ ಹಂಟ್, ಅದೇ ದಶಕದಲ್ಲಿ ಎರಡು ದಾರಗಳ ಯಂತ್ರವೊಂದನ್ನು ರೂಪಿಸಿದರೂ ಪೇಟೆಂಟಿನ ಗೋಜಿಗೆ ಹೋಗಲಿಲ್ಲ. ಮೊನೆಯ ಬಳಿಯೇ ಕಣ್ಣಿರುವ ಸೂಜಿಯ ಯಂತ್ರಕ್ಕೆ 1846ರಲ್ಲಿ ಎಲಿಯಾಸ್ ಹೋವ್ ಹಕ್ಕು ಪಡೆದನು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರವನ್ನು ಮಾರುಕಟ್ಟೆಗೆ ತಂದನು. ಅಲ್ಲಿಂದ ಮುಂದಿನದು ನ್ಯಾಯಾಲಯಗಳ ಕಥೆ. ಹೋವ್ ಹೂಡಿದ ದಾವೆಯಲ್ಲಿ ಸೋತ ಸಿಂಗರ್ 1854ರಲ್ಲಿ 15,000 ಡಾಲರ್ ತೆತ್ತು ರಾಜಿಯಾಗಬೇಕಾಯಿತು. ಒಬ್ಬರ ಮೇಲೊಬ್ಬರು ಮೊಕದ್ದಮೆ ಹೂಡಿ ಹೈರಾಣಾದ ಹೋವ್, ಸಿಂಗರ್ ಮತ್ತು ಇನ್ನೆರಡು ಕಂಪನಿಗಳು 1856ರಲ್ಲಿ ತಮ್ಮ ಹಕ್ಕುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಒಕ್ಕೂಟ ಕಟ್ಟಿಕೊಂಡವು. ಅದು ಸ್ನೇಹವಲ್ಲ, ವ್ಯಾಪಾರದ ಕದನವಿರಾಮ. ಒಕ್ಕೂಟದ ಕೊನೆಯ ಮುಖ್ಯ ಪೇಟೆಂಟಿನ ಅವಧಿ 1877ರಲ್ಲಿ ಮುಗಿಯಿತು. ಅನಂತರ ಯಾರು ಬೇಕಾದರೂ ಹೊಲಿಗೆ ಯಂತ್ರ ತಯಾರಿಸಬಹುದಾಯಿತು.

ಇಂದಿನ ಜೀರ್ಣೋದ್ಧಾರಕರ ದೃಷ್ಟಿಯಿಂದ ಮುಖ್ಯವಾದ ಇನ್ನೊಂದು ಬದಲಾವಣೆಯೂ ಆ ಹೊತ್ತಿಗೇ ಆಯಿತು. ಸಿಂಗರ್ ಕಾರ್ಖಾನೆಯಲ್ಲಿ 1880ರ ದಶಕದ ಆರಂಭದವರೆಗೂ ಬಿಡಿಭಾಗಗಳನ್ನು ಕುಶಲಕರ್ಮಿಗಳು ಅರದಿಂದ ಉಜ್ಜಿ, ಒಂದಕ್ಕೊಂದು ಹೊಂದಿಸುತ್ತಿದ್ದರು. ಹೊಂದಿಸಿದ ಭಾಗಗಳು ಹದಗೊಳಿಸುವಾಗ ಬೇರೆ ಯಂತ್ರದವುಗಳೊಡನೆ ಬೆರೆಯದಿರಲೆಂದು ಅವುಗಳ ಮೇಲೆ ಯಂತ್ರದ ಸಂಖ್ಯೆಯನ್ನೇ ಒತ್ತುತ್ತಿದ್ದರು. ಅಂದರೆ ಆ ಕಾಲದ ಯಂತ್ರಕ್ಕೆ ಅದರದೇ ಭಾಗಗಳು ಬೇಕು. ಒಂದು ಕಳೆದರೆ ಇನ್ನೊಂದು ಯಂತ್ರದ ಭಾಗ ಕೂರುವ ಭರವಸೆಯಿಲ್ಲ. ಅಳತೆಗಳು ಖಚಿತಗೊಂಡ ಮೇಲೆ ಯಾವ ಯಂತ್ರದ ಭಾಗವಾದರೂ ಅದೇ ಜಾತಿಯ ಇನ್ನೊಂದಕ್ಕೆ ಒದಗುವಂತಾಯಿತು. ಸಿಂಗರ್‌ನ ಹದಿನೈದನೆಯ ಮಾದರಿಯನ್ನು ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಕಾರ್ಖಾನೆಗಳು ಅನುಕರಿಸಿದವು. ನಮ್ಮ ಲೂಧಿಯಾನದ ಕಾರ್ಯಾಗಾರಗಳಲ್ಲೂ ಅದೇ ಕುಲದ ಕರಿಯ ಯಂತ್ರಗಳು ತಯಾರಾದವು. ಕಂಪನಿಗಳು ಅನುಕರಣೆಯನ್ನು ಕಳ್ಳತನವೆಂದು ಬಗೆದಿರಬಹುದು. ಆದರೆ ಆ ಅನುಕರಣೆಯ ದೆಸೆಯಿಂದಲೇ, ಕ್ಲೈಡ್‌ಬ್ಯಾಂಕಿನಲ್ಲಿ 1920ರ ದಶಕದಲ್ಲಿ ತಯಾರಾದ ಯಂತ್ರಕ್ಕೆ ಇಂದು ಚಿಕ್ಕಪೇಟೆಯಲ್ಲೋ ಪುಣೆಯಲ್ಲೋ ಸಿಗುವ ಸಾಧಾರಣ ಸೂಜಿ, ಬಾಬಿನ್‌ಗಳು ಸಲೀಸಾಗಿ ಹೊಂದುತ್ತವೆ.

ಭಾರತದ ಮಾರುಕಟ್ಟೆ ಸಿಂಗರ್‌ಗೆ ಸುಲಭದ್ದಾಗಿರಲಿಲ್ಲ. ಸೀರೆ, ಧೋತರ, ಪಂಚೆಗಳ ನಾಡಿನಲ್ಲಿ ಹೊಲಿದ ಬಟ್ಟೆಯ ಅಗತ್ಯವೇ ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಕಂಪನಿಯ ವಹಿವಾಟನ್ನು ಬೆಳೆಸಿದವರು ಮುಂಬಯಿಯ ಪಾರ್ಸಿ ವ್ಯಾಪಾರಸ್ಥ ನಸರ್ವಾನ್‌ಜಿ ಮೆರ್ವಾನ್‌ಜಿ ಪಟೇಲ್. ಅಮೆರಿಕದಲ್ಲಿ ಸಿಂಗರ್‌ನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಆರಂಭಿಸಿದ್ದ ಕಂತಿನ ಪದ್ಧತಿ ಇಲ್ಲಿಯೂ ಬಂತು. ಇಲ್ಲಿ ಯಂತ್ರವನ್ನು ಮೊದಲು ಒಪ್ಪಿಕೊಂಡವರಲ್ಲಿ ದರ್ಜಿಗಳೇ ಮುಖ್ಯರು. ಪ್ಯಾರಿಸ್ಸಿನ ದರ್ಜಿಗಳು ಮುರಿದ ಯಂತ್ರವನ್ನು ನಮ್ಮ ಸಿಂಪಿಗರು ಅಂಗಡಿಯ ಜಗಲಿಯ ಮೇಲೆ ಕೂರಿಸಿ ಕುಂಕುಮವಿಟ್ಟರು. ಆಯುಧಪೂಜೆಯ ದಿನ ಯಂತ್ರವನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಹೂವೇರಿಸುವ ವಾಡಿಕೆ ಮನೆಮನೆಗೂ ಹಬ್ಬಿತು. ವರ್ಷಕ್ಕೊಮ್ಮೆಯಾದರೂ ತಪ್ಪದೆ ನಡೆದ ಆ ಶುಶ್ರೂಷೆಯನ್ನು ಯಾವ ಕಂಪನಿಯ ಕೈಪಿಡಿಯೂ ಹೇಳಿಕೊಟ್ಟಿರಲಿಲ್ಲ.

1924ರಲ್ಲಿ ದಿಲ್ಲಿಯಲ್ಲಿ ಶಾಂತಿನಿಕೇತನದ ವಿದ್ಯಾರ್ಥಿ ಜಿ. ರಾಮಚಂದ್ರನ್ ಗಾಂಧೀಜಿಯನ್ನು, ತಾವು ಎಲ್ಲ ಯಂತ್ರಗಳಿಗೂ ವಿರೋಧಿಗಳೇ ಎಂದು ಕೇಳಿದರು. ಗಾಂಧೀಜಿ ಕೊಟ್ಟ ಮೊದಲ ವಿನಾಯಿತಿ ಸಿಂಗರ್ ಹೊಲಿಗೆ ಯಂತ್ರಕ್ಕೆ. ಕೈಯಿಂದ ಹೊಲಿದು ದಣಿಯುತ್ತಿದ್ದ ಹೆಂಡತಿಯನ್ನು ಕಂಡು, ಅವಳ ಶ್ರಮವನ್ನು ತಗ್ಗಿಸಲೆಂದು ಸಿಂಗರ್ ಅದನ್ನು ಕಂಡುಹಿಡಿದನೆಂದೂ, ಅದರ ಹಿಂದೆ ಲೋಭವಿರದೆ ಪ್ರೀತಿಯಿತ್ತೆಂದೂ ಅವರು ನಂಬಿದ್ದರು. ಇತಿಹಾಸ ಈ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ನಾಟಕದ ನಟನಾಗಿ ಅಲೆದು, ಒಂದಕ್ಕಿಂತ ಹೆಚ್ಚು ಸಂಸಾರಗಳನ್ನು ಹೂಡಿದ್ದ ಐಸಾಕ್ ಸಿಂಗರ್‌ಗೆ ಲಾಭದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಆದರೂ ಗಾಂಧೀಜಿಯ ಮಾತನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಯಂತ್ರದ ಹುಟ್ಟಿನಲ್ಲಿ ಅವರು ಕಂಡ ಪ್ರೀತಿ ಅದರ ಮುಪ್ಪಿನಲ್ಲಿ ನಿಜವಾಗಿಯೂ ಕಾಣಸಿಗುತ್ತದೆ.

ಹಳೆಯ ಯಂತ್ರವನ್ನು ಮತ್ತೆ ಓಡಿಸುವ ಹವ್ಯಾಸಿಗಳ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅವರ ಮೊದಲ ಪಾಠ ತಾಳ್ಮೆ. ವರ್ಷಗಟ್ಟಲೆ ಮೂಲೆಯಲ್ಲಿ ಕುಳಿತ ಯಂತ್ರದ ಗಾಲಿ ತಿರುಗದಿದ್ದರೆ ಬಲ ಹಾಕಬಾರದು. ಒಳಗಿನ ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ. ನಮ್ಮಲ್ಲಂತೂ ಯಂತ್ರದ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಟ್ಟ ಮನೆಗಳು ಕಡಿಮೆಯೇನಲ್ಲ. ಕೀಲುಕೀಲಿಗೆ ಸೀಮೆಎಣ್ಣೆಯ ಹನಿ ಬಿಟ್ಟು, ಹದವಾಗಿ ಬಿಸಿ ತಾಗಿಸಿ, ಒಂದೆರಡು ದಿನ ಕಾಯಬೇಕು. ಎಲ್ಲೋ ಒಂದು ಕೂದಲೆಳೆಯಷ್ಟು ಅಲುಗಾಡಿದರೆ ಮುಂದಿನದು ಸುಲಭ. ಎರಡನೆಯ ಪಾಠ ಸಂಯಮ. ಕರಿಯ ಮೈಮೇಲಿನ ಚಿನ್ನದ ಬಣ್ಣದ ಬಳ್ಳಿಗಳನ್ನೂ ಈಜಿಪ್ಟಿನ ಸ್ಫಿಂಕ್ಸ್ ಚಿತ್ರಗಳನ್ನೂ ಅರಗಿನ ಲೇಪ ಕಾಪಾಡಿರುತ್ತದೆ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಅದರೊಡನೆ ಬಂಗಾರವೂ ಹೋಗುತ್ತದೆ. ಹಾಗಾಗಿ ಮೆತ್ತನೆಯ ಬಟ್ಟೆ, ಯಂತ್ರದ ಎಣ್ಣೆ, ಇವೆರಡೇ ಸಾಧನಗಳು. ಹೊಲಿಯುವವಳ ಅಂಗೈಯೂ ಬಟ್ಟೆಯೂ ದಶಕಗಳ ಕಾಲ ಉಜ್ಜಿದ ಕಡೆ ಚಿತ್ರ ಸವೆದು ಮಾಸಿರುತ್ತದೆ. ಅದಕ್ಕೆ ಹೊಸ ಬಣ್ಣ ಬಳಿಯಬೇಕೇ, ಹಾಗೆಯೇ ಬಿಡಬೇಕೇ ಎಂಬುದು ಈ ವಲಯದ ಮುಗಿಯದ ಚರ್ಚೆ. ಬಿಡಬೇಕೆನ್ನುವವರ ಪಕ್ಷವೇ ನನಗೆ ಒಪ್ಪಿಗೆ. ಆ ಸವೆತವೇ ಯಂತ್ರದ ಚರಿತ್ರೆ.

ಕೊನೆಗೆ ಯಂತ್ರದ ಜಾತಕ. ಮೈಮೇಲಿನ ಸಂಖ್ಯೆಯ ಹಿಂದಿನ ಅಕ್ಷರ, ಅದು ಯಾವ ಕಾರ್ಖಾನೆಯ, ಯಾವ ವರ್ಷಗಳ ಕೂಸೆಂದು ಹೇಳುತ್ತದೆ. ‘ವೈ’ ಅಕ್ಷರವಿದ್ದರೆ ಅದು ಎರಡು ಮಹಾಯುದ್ಧಗಳ ನಡುವೆ ಕ್ಲೈಡ್‌ಬ್ಯಾಂಕಿನಲ್ಲಿ ಹುಟ್ಟಿದ್ದು. ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿದ್ದ ಈ ಮಾಹಿತಿಯನ್ನು ಜನಸಾಮಾನ್ಯರ ಕೈಗೆ ತಲುಪಿಸಿದವರಲ್ಲಿ ಅಂತರರಾಷ್ಟ್ರೀಯ ಹೊಲಿಗೆ ಯಂತ್ರ ಸಂಗ್ರಾಹಕರ ಸಂಘದಂಥ ಹವ್ಯಾಸಿ ಬಳಗಗಳ ಪಾತ್ರ ದೊಡ್ಡದು. ಅಮೆರಿಕದಲ್ಲಿ ಕಾಲಿನಿಂದ ತುಳಿಯುವ ಯಂತ್ರಗಳ ಪ್ರೇಮಿಗಳು ಆಗಾಗ ಒಂದೆಡೆ ಸೇರಿ, ಯಂತ್ರ ಬಿಚ್ಚುವುದನ್ನು ಹೊಸಬರಿಗೆ ಕಲಿಸುತ್ತಾರೆ, ಬಿಡಿಭಾಗಗಳನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಇಂಗ್ಲೆಂಡಿನ ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’ ಸಂಸ್ಥೆಯ ಸ್ವಯಂಸೇವಕರು ಹಳೆಯ ಯಂತ್ರಗಳನ್ನು ಸರಿಪಡಿಸಿ ಆಫ್ರಿಕದ ದೇಶಗಳ ಕಸುಬುದಾರರಿಗೆ ಕಳಿಸಿದ್ದಾರೆ. ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಕೈಯಿಂದ ತಿರುಗಿಸುವ ಯಂತ್ರ ಇಂದಿಗೂ ಒಂದು ಸಂಸಾರವನ್ನು ಸಾಕಬಲ್ಲದು.

ನಮ್ಮ ನಗರಗಳಲ್ಲಿ ಈ ಸ್ನೇಹಕ್ಕೆ ಸಂಘದ ಹೆಸರಿಲ್ಲ, ನೋಂದಣಿಯಿಲ್ಲ. ಪುಣೆಯ ಜುನಾ ಬಜಾರ್, ಮುಂಬಯಿಯ ಚೋರ್ ಬಜಾರ್‌ಗಳೇ ಅದರ ಸಭಾಂಗಣ. ಉದ್ದನೆಯ ಲಾಳಿಯಿರುವ ಹಳೆಯ ಮಾದರಿಯ ಯಂತ್ರಗಳಲ್ಲಿ ಆ ಲಾಳಿಯೇ ಹೆಚ್ಚಾಗಿ ಕಳೆದುಹೋಗಿರುತ್ತದೆ. ಅದಿಲ್ಲದೆ ಒಂದು ಹೊಲಿಗೆಯೂ ಬೀಳದು. ನನ್ನ ಪರಿಚಯದ ನಿವೃತ್ತ ಎಂಜಿನಿಯರರೊಬ್ಬರು ಅಂಥ ಒಂದು ಲಾಳಿಗಾಗಿ ಎರಡು ವರ್ಷ ಹುಡುಕಿದರು. ಒಬ್ಬ ಮರಾಠಿ ಮಿಸ್ತ್ರಿ ಹೈದರಾಬಾದಿನ ದರ್ಜಿಯೊಬ್ಬರ ವಿಳಾಸ ಕೊಟ್ಟರು. ಅವರು ಒಂದನ್ನು ಕಳಿಸಿ ಹಣ ಬೇಡವೆಂದರು, ಬದಲಿಗೆ ತಮ್ಮ ಯಂತ್ರಕ್ಕೊಂದು ಗಾಲಿ ಸಿಕ್ಕರೆ ತಿಳಿಸಿ ಎಂದರು. ಗಾಲಿ ಸಿಕ್ಕಿತು. ಅನಂತರ ಇಬ್ಬರೂ ಹಬ್ಬಕ್ಕೆ ಶುಭಾಶಯ ಕಳಿಸುವ ಸ್ನೇಹಿತರಾದರು. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ದಖನಿ. ಶಟಲ್, ಬಾಬಿನ್, ಟೆನ್ಷನ್ ಎಂಬ ಮೂರು ಮಾತುಗಳೇ ಅವರ ಮೊದಲ ಸಾಮಾನ್ಯ ಭಾಷೆ. ಹೊಟ್ಟೆಪಾಡಿಗೆ ಊರು ಬಿಟ್ಟ ಸಂಸಾರಗಳ ಯಂತ್ರಗಳು ಇನ್ನೊಂದು ಬಗೆಯವು: ಭಾರವಾದ ಕಬ್ಬಿಣದ ಕಾಲು ಊರಿನ ಮನೆಯಲ್ಲಿ, ಟ್ರಂಕಿನಲ್ಲಿ ಹೊತ್ತು ತಂದ ತಲೆ ಪರವೂರಿನ ಬಾಡಿಗೆ ಕೋಣೆಯಲ್ಲಿ. ಅವೆರಡನ್ನೂ ಮತ್ತೆ ಕೂಡಿಸುವುದು ಕೇವಲ ಯಂತ್ರದ ಕೆಲಸವಲ್ಲವೆಂಬುದನ್ನು ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಲೋಕಕ್ಕೆ ಅಪಾಯವಿರುವುದು ತುಕ್ಕಿನಿಂದಲ್ಲ. ಹಳೆಯದೆಂಬ ಮೋಹವೇ ಹಲವು ಸಲ ಹಳೆಯದನ್ನು ಕೊಲ್ಲುತ್ತದೆ. ಕಾಲು ಹೋಟೆಲಿನ ಮೇಜಾಗುತ್ತದೆ, ತಲೆ ಗುಜರಿಗೆ ಬೀಳುತ್ತದೆ. ನೂರಾರು ತಲೆಗಳು ಫ್ಯಾಷನ್ ಬಟ್ಟೆಯಂಗಡಿಗಳ ಗಾಜಿನ ಕಿಟಕಿಯಲ್ಲಿ ಸಾಲಾಗಿ ಕುಳಿತು ಏನನ್ನೂ ಹೊಲಿಯದೆ ಧೂಳು ತಿನ್ನುತ್ತವೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಹಳೆಯ ಸಿಂಗರ್ ಯಂತ್ರಗಳೊಳಗೆ ‘ಕೆಂಪು ಪಾದರಸ’ ಎಂಬ ಅಮೂಲ್ಯ ವಸ್ತುವಿದೆಯೆಂಬ ವದಂತಿ ಹಬ್ಬಿ, ಜನ ಅವುಗಳಿಗೆ ಹುಚ್ಚು ಬೆಲೆ ತೆತ್ತರು. ಅಂಥ ಪಾದರಸ ಯಾವ ಯಂತ್ರದಲ್ಲೂ ಇರಲಿಲ್ಲ. ಅಮೂಲ್ಯವಾದದ್ದು ಇದ್ದದ್ದು ಬೇರೆ ಕಡೆ: ದಾರ ಮೇಲೆ ಗಂಟಾಗುತ್ತಿದೆಯೋ ಕೆಳಗೋ ಎಂದು ಬೆರಳಿನಿಂದ ಸವರಿಯೇ ಹೇಳುವ, ಸದ್ದು ಕೇಳಿ ಯಾವ ತಿರುಪು ಸಡಿಲವೆಂದು ಗುರುತಿಸುವ ಮಿಸ್ತ್ರಿಯ ಕೈಯಲ್ಲಿ.

ಆ ಮಿಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಸಿಂಗರ್ ಕಂಪನಿಯ ಕಾಗದಪತ್ರಗಳು ಅಮೆರಿಕದ ವಿಸ್ಕಾನ್ಸಿನ್ ಇತಿಹಾಸ ಸಂಸ್ಥೆಯಲ್ಲಿ ಭದ್ರವಾಗಿವೆ. ನಮ್ಮ ಓಣಿಗಳ ಮಿಸ್ತ್ರಿಗಳ ವಿದ್ಯೆಗೆ ಅಂಥ ಭಂಡಾರವಿಲ್ಲ. ಯಾವ ಭಾಗಕ್ಕೆ ಅವರು ಏನೆಂದು ಕರೆಯುತ್ತಾರೆ, ಸವೆದ ಹಲ್ಲನ್ನು ಹೇಗೆ ಸರಿಪಡಿಸುತ್ತಾರೆ, ಯಾವ ಎಣ್ಣೆಯನ್ನು ಬೇಡವೆನ್ನುತ್ತಾರೆ ಎಂಬುದನ್ನು ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಕ್ರೋಶಾ ಹೊದಿಕೆಯಡಿ ಮಲಗಿರುವ ಯಂತ್ರ ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕೊಂದು ನೆಪವೂ ಸಿಕ್ಕಂತೆಯೇ. ಸಂಖ್ಯೆಯನ್ನು ಬರೆದುಕೊಂಡು, ತಲೆಯನ್ನು ಚೀಲದಲ್ಲಿಟ್ಟು, ಹತ್ತಿರದ ಮಿಸ್ತ್ರಿಯ ಅಂಗಡಿಗೆ ಒಯ್ಯಬಹುದು. ರಿಪೇರಿ ಮುಗಿಯುವ ತನಕ ಅಲ್ಲಿಯೇ ಕುಳಿತುಕೊಳ್ಳುವುದು ಒಳ್ಳೆಯದು. ಮಾತು ತಾನಾಗಿಯೇ ಶುರುವಾಗುತ್ತದೆ.