ಕಮಾನಿನ ಲೆಕ್ಕ: ಗೇಮ್ ಒಳಗೆ ಗೋಡೆ ಬಾಗಿದ ಕಥೆ

(1/4)

ಮೊದಲ ಸ್ಲೈಡ್‌ನಲ್ಲಿರೋ ಸುರಂಗವನ್ನ ಝೂಮ್ ಮಾಡಿ ನೋಡಿ. ದುಂಡಗಿದೆ ಅನ್ಸುತ್ತೆ ಅಲ್ವಾ? ಈಗ ಮೂಲೆಗಳನ್ನ ಎಣಿಸಿ. ಎಂಟು. ಅದು 1996ರ ಕ್ವೇಕ್ ಗೇಮ್‌ಗಾಗಿ ಕಟ್ಟಿದ ಸುರಂಗ. ಎರಡನೇ ಸ್ಲೈಡ್‌ನದ್ದು 1999ರ ಕ್ವೇಕ್ 3 ಅರೀನಾ ಕಾಲದ್ದು, ಅಲ್ಲಿ ಮೂಲೆ ಹುಡುಕೋದೇ ಕಷ್ಟ. ಮಧ್ಯೆ ಇರೋದು ಬರೀ ಮೂರು ವರ್ಷ. ಆ ಮೂರು ವರ್ಷದಲ್ಲಿ ಏನಾಯ್ತು, ಅದರ ಖರ್ಚು ಯಾರ ತಲೆಗೆ ಬಂತು ಅನ್ನೋದೇ ಈ ಸಲದ ಸರಣಿ. ಬಿಕಾಂ ಓದೋರು ಇತಿಹಾಸ ಬರೆದ್ರೆ ಡೆಬಿಟ್-ಕ್ರೆಡಿಟ್ ಬಂದೇ ಬರುತ್ತೆ, ಸ್ವಲ್ಪ ಸಹಿಸ್ಕೊಳ್ಳಿ.

1993ರ ಡೂಮ್‌ನಿಂದ ಶುರು ಮಾಡೋಣ, ಬೇಗ ಮುಗಿಯುತ್ತೆ. ಅಲ್ಲಿ ಮ್ಯಾಪ್ ಅಂದ್ರೆ ಮೇಲಿಂದ ನೋಡಿದ ನಕ್ಷೆ. ಗೆರೆ ಎಳೀಬೇಕು, ನೆಲ ಎಷ್ಟು ಎತ್ತರ, ಚಾವಣಿ ಎಷ್ಟು ಎತ್ತರ ಅಂತ ಹೇಳ್ಬೇಕು, ಅಷ್ಟೇ. ಚಿಕ್ಕ ಚಿಕ್ಕ ಗೆರೆ ಸೇರಿಸಿ ದುಂಡನೆಯ ಕೋಣೆ ಮಾಡ್ಬಹುದಿತ್ತು. ಆದ್ರೆ ಗೋಡೆಗಳೆಲ್ಲ ನೆಟ್ಟಗೆ ನಿಂತಿರಬೇಕು. ತಲೆ ಮೇಲೆ ಕಮಾನು ಬೇಕಾ? ಚಾವಣಿಯನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಇಲ್ಲಾಂದ್ರೆ ಗೋಡೆ ಮೇಲೆ ಕಮಾನಿನ ಚಿತ್ರ ಅಂಟಿಸಿ.

(2/4)

ಕ್ವೇಕ್ ಬಂದಾಗ ನಿಜವಾದ ಮೂರು ಆಯಾಮ ಬಂತು, ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮವೂ ಬಂತು. ಅಲ್ಲಿ ಗೋಡೆ, ನೆಲ, ಕಂಬ ಎಲ್ಲ 'ಬ್ರಷ್' ಅನ್ನೋ ಘನ ತುಂಡುಗಳಿಂದಲೇ ಆಗ್ಬೇಕು. ಒಂದು ಬ್ರಷ್ ಎಲ್ಲೂ ಒಳಕ್ಕೆ ಬಾಗಿರಬಾರದು. ಪರೀಕ್ಷೆ ಸುಲಭ: ತುಂಡಿನೊಳಗಿನ ಯಾವುದೇ ಎರಡು ಜಾಗದ ನಡುವೆ ದಾರ ಎಳೆದ್ರೆ ದಾರ ಹೊರಗೆ ಬರಬಾರದು. ಇಟ್ಟಿಗೆ ಪಾಸ್. ಕಮಾನು ಫೇಲ್, ಯಾಕಂದ್ರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಎಳೆದ ದಾರ ಗಾಳಿಯಲ್ಲಿ ನೇತಾಡುತ್ತೆ.

ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ಆಗಿನ ಪೆಂಟಿಯಂ ಕಂಪ್ಯೂಟರ್‌ಗೆ ಇಡೀ ಮ್ಯಾಪ್ ಒಂದೇ ಸಲ ನುಂಗೋ ಶಕ್ತಿ ಇರಲಿಲ್ಲ. ಹಾಗಾಗಿ ಐಡಿ ಸಾಫ್ಟ್‌ವೇರ್‌ನ ಜಾನ್ ಕಾರ್ಮ್ಯಾಕ್ ಬರೆದ ಎಂಜಿನ್‌ಗೋಸ್ಕರ ಮ್ಯಾಪನ್ನ ಮೊದಲೇ ಸಪಾಟು ಹಾಳೆಗಳಿಂದ ಎರಡೆರಡಾಗಿ ಸೀಳಿ ಇಡ್ತಿದ್ರು. ಆಟ ನಡೆಯುವಾಗ ಎಂಜಿನ್ ಕೇಳೋದು ಒಂದೇ ಪ್ರಶ್ನೆ: ನೀನು ಈ ಹಾಳೆಯ ಈ ಕಡೆ ಇದ್ದೀಯಾ, ಆ ಕಡೆ ಇದ್ದೀಯಾ? ಸಪಾಟು ಮುಖಗಳಿದ್ರೆ ಉತ್ತರ ಥಟ್ ಅಂತ ಸಿಗುತ್ತೆ.

ಹಾಗಾದ್ರೆ ಕಮಾನು ಕಟ್ಟೋರು ಏನ್ ಮಾಡ್ಬೇಕು? ಕಲ್ಲಿನ ಕಮಾನು ಕಟ್ಟೋ ಮೇಸ್ತ್ರಿ ಮಾಡಿದ್ದನ್ನೇ. ಬೆಣೆಯಾಕಾರದ ತುಂಡುಗಳನ್ನ ಒಂದರ ಪಕ್ಕ ಒಂದು ಜೋಡಿಸ್ಬೇಕು. ಎಂಟು ತುಂಡಿಟ್ರೆ ಒರಟು, ಹದಿನಾರಿಟ್ರೆ ನಯ, ಆದ್ರೆ ಎಂಜಿನ್‌ಗೆ ಭಾರ. ಇದರ ಮೇಲೆ ಗ್ರಿಡ್ ಕಾಟ ಬೇರೆ. ಒಂದು ತುಂಡನ್ನ 22.5 ಡಿಗ್ರಿ ತಿರುಗಿಸಿದ್ರೆ ಮೂಲೆಗಳು ಪೂರ್ಣಾಂಕ ಬಿಟ್ಟು ದಶಮಾಂಶಕ್ಕೆ ಹೋಗ್ತವೆ. ಅದನ್ನ ಮತ್ತೆ ಪೂರ್ಣಾಂಕಕ್ಕೆ ತಂದ್ರೆ ಪಕ್ಕದ ತುಂಡಿನ ಜೊತೆ ಕೂಡೋದಿಲ್ಲ, ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಆದ್ದರಿಂದ ಅನುಭವಸ್ಥರು ನಿಜವಾದ ವೃತ್ತದ ಆಸೆ ಬಿಟ್ಟು, ಗ್ರಿಡ್ ಮೇಲೆ ಸರಿಯಾಗಿ ಕೂರೋ ಬಿಂದುಗಳನ್ನೇ ಆರಿಸಿ ವೃತ್ತದ ಹಾಗೆ ಕಾಣಿಸ್ತಿದ್ರು. ಬೆನ್ ಮಾರಿಸ್ ಬರೆದ ವರ್ಲ್ಡ್‌ಕ್ರಾಫ್ಟ್ ಎಡಿಟರ್ (ಮುಂದೆ ವಾಲ್ವ್ ಕಂಪನಿ ಕೈಗೆ ಹೋಗಿ 'ಹ್ಯಾಮರ್' ಆಯ್ತು) ಈ ಬೆಣೆಗಳನ್ನ ತಾನೇ ಕತ್ತರಿಸಿಕೊಡೋ ಸೌಲಭ್ಯ ಪಡೀತು. ಆಮೇಲೂ ಒಳಗಿರೋದು ಸಪಾಟು ತುಂಡುಗಳೇ.

ಸೈಬರ್ ಕೆಫೆಯಲ್ಲಿ ಕೌಂಟರ್-ಸ್ಟ್ರೈಕ್ 1.6 ಆಡಿದ ಅಣ್ಣಂದಿರನ್ನ ಕೇಳಿ, 'ಡಸ್ಟ್' ಮ್ಯಾಪ್ ಎಲ್ರಿಗೂ ನೆನಪಿರುತ್ತೆ. ಬ್ರಿಟನ್‌ನ ಡೇವ್ ಜಾನ್ಸ್ಟನ್ ಅದನ್ನ 1999ರಲ್ಲಿ ಮಾಡಿದಾಗ ಅವನಿನ್ನೂ ಹದಿಹರೆಯದ ಹುಡುಗ, ನಮಗಿಂತ ಚಿಕ್ಕವನು. ಆ ಎಂಜಿನ್ ಕ್ವೇಕ್‌ನಿಂದಲೇ ಬೆಳೆದದ್ದು. ಡಸ್ಟ್‌ನ ಆ ಪ್ರಸಿದ್ಧ ಕಮಾನು ಬಾಗಿಲುಗಳೂ ಬೆಣೆಗಳ ಕುಟುಂಬದವೇ.

(3/4)

ಈಗ ಸ್ವಲ್ಪ ಫ್ರಾನ್ಸ್‌ಗೆ ಹೋಗ್ಬೇಕು, ಗೇಮ್‌ಗಳು ಹುಟ್ಟೋಕೂ ಮೊದಲಿನ ಕಾರು ಕಾರ್ಖಾನೆಗಳಿಗೆ. ಕಾರಿನ ಬಾಗಿದ ಮೈಯನ್ನ ಯಂತ್ರಕ್ಕೆ ಅಂಕಿಗಳಲ್ಲಿ ಹೇಳೋದು ಹೇಗೆ ಅನ್ನೋದು ಅವರ ತಲೆನೋವು. 1959ರಲ್ಲಿ ಸಿಟ್ರೋಎನ್ ಕಂಪನಿಯ ಪಾಲ್ ಡಿ ಕಾಸ್ಟಲ್ಜೋ ಇದಕ್ಕೊಂದು ದಾರಿ ಕಂಡುಹಿಡಿದ್ರು. ಕಂಪನಿ ಅದನ್ನ ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯರ್ ಬೆಜಿಯೆ ಅದೇ ಜಾತಿಯ ವಿಧಾನವನ್ನ ತಾವಾಗಿಯೇ ಬೆಳೆಸಿ ಪ್ರಕಟಿಸಿದ್ರು. ಹೆಸರು ಬೆಜಿಯೆಗೆ ಹೋಯ್ತು. ಗುಟ್ಟು ಇಟ್ಕೊಂಡೋರಿಗೆ ಪೇಟೆಂಟೂ ಇಲ್ಲ, ಪುಣ್ಯವೂ ಇಲ್ಲ ಅನ್ನೋ ಹಾಗಾಯ್ತು.

ವಿಧಾನವನ್ನ ಗ್ರಾಫ್ ಹಾಳೆ ಮೇಲೆ ನೀವೇ ಮಾಡಿ. (10,0), (10,10), (0,10) ಅಂತ ಮೂರು ಬಿಂದು ಇಡಿ. ಮೊದಲೆರಡರ ಮಧ್ಯಬಿಂದು (10,5), ಕೊನೆಯೆರಡರದ್ದು (5,10). ಈ ಎರಡರ ಮಧ್ಯಬಿಂದು (7.5,7.5). ನಿಮ್ಮ ವಕ್ರರೇಖೆ ಅಲ್ಲಿಂದಲೇ ಹಾದುಹೋಗುತ್ತೆ. ಹೀಗೇ ಅರ್ಧ ಮಾಡ್ತಾ ಹೋದ್ರೆ ಉಳಿದ ಬಿಂದುಗಳೂ ಸಿಗ್ತವೆ. ಮೂಲೆಯ (10,10) ರೇಖೆಯ ಮೇಲೆ ಇಲ್ಲ, ಅದು ಅಯಸ್ಕಾಂತದ ಹಾಗೆ ದೂರ ನಿಂತು ಎಳೆಯುತ್ತೆ.

ಕ್ವೇಕ್ 3 ಮಾಡಿದ್ದು ಇದನ್ನೇ. ರೇಖೆಯ ಬದಲು ಹಾಳೆ, ಮೂರರ ಬದಲು 3×3, ಒಟ್ಟು ಒಂಬತ್ತು ಬಿಂದು. ಅದಕ್ಕೆ 'ಪ್ಯಾಚ್' ಅಂತ ಹೆಸರು. ರಾಬರ್ಟ್ ಡಫಿ ಬೆಳೆಸಿದ ರೇಡಿಯಂಟ್ ಎಡಿಟರ್‌ನಲ್ಲಿ ಒಂದು ಡಬ್ಬ ಎಳೆದು, ಕರ್ವ್ ಮೆನುವಿನಲ್ಲಿ 'ಸಿಲಿಂಡರ್' ಅಂದ್ರೆ ಮುಗೀತು. ಫೈಲ್‌ನಲ್ಲಿ ಉಳಿಯೋದು ಕೆಲವೇ ಬಿಂದು. ಅದನ್ನ ತ್ರಿಕೋನಗಳಾಗಿ ಸೀಳೋ ಕೆಲಸ ಆಡೋರ ಕಂಪ್ಯೂಟರ್‌ದು. ಅಂದ್ರೆ ಕಮಾನಿನ ಖರ್ಚು ಮ್ಯಾಪ್ ಕಟ್ಟೋರ ಖಾತೆಯಿಂದ ಆಡೋರ ಯಂತ್ರದ ಖಾತೆಗೆ ವರ್ಗಾವಣೆ ಆಯ್ತು.

ಇನ್ನೊಂದು ವಿಷಯ, ಕ್ಯಾಲ್ಕುಲೇಟರ್ ತೆಗೀರಿ. ಮೂಲಬಿಂದುವಿನಿಂದ (7.5,7.5) ಎಷ್ಟು ದೂರ? ಸುಮಾರು 10.6. ನಿಜವಾದ ವೃತ್ತ ಆಗಿದ್ರೆ 10 ಇರಬೇಕಿತ್ತು. ಅಂದ್ರೆ ಕ್ವೇಕ್ 3ರ ದುಂಡು ಕಂಬ ಮೂಲೆಗಳ ಕಡೆ ಶೇ. 6ರಷ್ಟು ಉಬ್ಬಿದೆ! ಹಾಕೋ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳಲ್ಲ, ಬಿಡಿ.

ಬೆಜಿಯೆ 1999ರ ನವೆಂಬರ್ 25ರಂದು ತೀರಿಕೊಂಡ್ರು. ಕ್ವೇಕ್ 3 ಅಂಗಡಿಗೆ ಬಂದದ್ದು ಮುಂದಿನ ತಿಂಗಳು.

(4/4)

ಪ್ಯಾಚ್ ಬಂದ ಮೇಲೆ ಬ್ರಷ್ ಸತ್ತುಹೋಯ್ತು ಅಂದ್ಕೋಬೇಡಿ. ಪ್ಯಾಚ್ ಕಾಗದದ ಹಾಗೆ, ದಪ್ಪ ಇಲ್ಲ. ಮ್ಯಾಪಿನ ಹೊರಗೋಡೆಯಾಗಿ ಬರೀ ಪ್ಯಾಚ್ ಇಟ್ರೆ ಕಂಪೈಲ್ ಮಾಡುವಾಗ 'ಲೀಕ್' ಅಂತ ಬರುತ್ತೆ, ಸೋರಿದ ದಾರಿಯನ್ನ ಎಡಿಟರ್ ಒಂದು ಗೆರೆಯಲ್ಲಿ ತೋರಿಸುತ್ತೆ. ಹಾಗಾಗಿ ಪ್ರತಿ ಚಂದದ ಕಮಾನಿನ ಬೆನ್ನಿಗೆ 'ಕಾಕ್' ಅನ್ನೋ, ಆಟದಲ್ಲಿ ಚಿತ್ರವೇ ಮೂಡದ ಟೆಕ್ಸ್ಚರ್ ಹಾಕಿದ ಚೌಕ ಬ್ರಷ್‌ಗಳು ನಿಂತಿರ್ತವೆ. ಮೂರನೇ ಸ್ಲೈಡ್‌ನಲ್ಲಿ ಕಮಾನಿನ ಹಿಂಬದಿ ಹಾಕಿದ್ದೀನಿ, ನೋಡಿ. ನನಗೆ ಮುಂದಿನದಕ್ಕಿಂತ ಅದೇ ಇಷ್ಟ.

ಇನ್ನು ಆಡೋರ ಕಡೆಯ ತಮಾಷೆ. ವಕ್ರ ಎಷ್ಟು ನಯವಾಗಿರಬೇಕು ಅನ್ನೋದಕ್ಕೆ ಆಟದಲ್ಲಿ ಒಂದು ಸೆಟ್ಟಿಂಗ್ ಇತ್ತು. ಪಂದ್ಯ ಆಡೋರು ಅದನ್ನ 999ಕ್ಕೆ ಏರಿಸಿ, ಅಷ್ಟು ಕಷ್ಟಪಟ್ಟು ಬಾಗಿಸಿದ ಕಮಾನನ್ನ ಮತ್ತೆ ಹಲಗೆ ಮಾಡ್ಕೊಳ್ತಿದ್ರು. ಅವರಿಗೆ ಬೇಕಿದ್ದದ್ದು ಫ್ರೇಮ್ ರೇಟ್. ಖರ್ಚನ್ನ ಅವರ ಖಾತೆಗೆ ಹಾಕಿದ್ರಲ್ಲ, ಅವರು ಕಟ್ಟೋದಿಲ್ಲ ಅಂದ್ರು!

2003ರ ಮೊದಲ ಕಾಲ್ ಆಫ್ ಡ್ಯೂಟಿ ಇದೇ ಕ್ವೇಕ್ 3 ಎಂಜಿನ್ ಮೇಲೆ ಎದ್ದದ್ದು. ಆದ್ರೆ ಅಷ್ಟರಲ್ಲಿ ಗಾಳಿ ಬೇರೆ ಕಡೆ ತಿರುಗಿತ್ತು. 2002ರಲ್ಲಿ ಬಂದ ಅನ್‌ರಿಯಲ್ ಟೂರ್ನಮೆಂಟ್ 2003ರಲ್ಲಿ ಕಂಬ, ಕಮಾನು, ಬಂಡೆಗಳನ್ನ ಬೇರೆ ಸಾಫ್ಟ್‌ವೇರ್‌ನಲ್ಲಿ ಮಾಡಿ, ಸಿದ್ಧ 'ಮೆಶ್' ಆಗಿ ತಂದು ನಿಲ್ಲಿಸಿದ್ರು. ಗ್ರಾಫಿಕ್ಸ್ ಕಾರ್ಡ್‌ಗೆ ಅದೇ ಅಗ್ಗ, ನೋಡೋಕೂ ಚಂದ. ಇವತ್ತು ನೀವಾಡೋ ಬಹುತೇಕ ದೊಡ್ಡ ಗೇಮ್‌ಗಳ ವಕ್ರಗಳೆಲ್ಲ ಹೀಗೆ ಹೊರಗಿಂದ ಬಂದವು.

ಇದು ಪ್ರಗತಿ ಅಂತಾರೆ, ಇರಬಹುದು. ಆದ್ರೆ ಡಸ್ಟ್ ಮಾಡಿದ ಹುಡುಗನಿಗೆ ಒಂದು ಎಡಿಟರ್ ಸಾಕಿತ್ತು. ಆಟಗಾರ ಓಡೋ ಕೋಣೆಯೊಳಗೇ ನಿಂತು, ಅಲ್ಲೇ ಕಮಾನು ಕಟ್ಟಿ, ಅಲ್ಲೇ ಓಡಿ ನೋಡಿ, ತಲೆ ತಗುಲಿದ್ರೆ ಎರಡು ಬಿಂದು ಮೇಲೆತ್ತಬಹುದು. ದೊಡ್ಡ ಕಂಪನಿಗಳಲ್ಲಿ ಈಗ ಮ್ಯಾಪ್ ಯೋಚಿಸೋರು ಒಬ್ರು, ಕಂಬ ಕೆತ್ತೋರು ಇನ್ನೊಬ್ರು. ಬ್ಲೆಂಡರ್ ಉಚಿತವಾಗಿದೆ, ನಿಜ. ಆದ್ರೂ ಹೊರಗೆ ಕೆತ್ತಿ ತಂದ ಕಂಬಕ್ಕೂ ಜಾಗದಲ್ಲೇ ಬಾಗಿಸಿದ ಗೋಡೆಗೂ ವ್ಯತ್ಯಾಸ ಇದೆ ಅಂತ ನನ್ನ ವಾದ.

ಕೈಯಲ್ಲೇ ನೋಡ್ಬೇಕಂದ್ರೆ ನೋಡಿ: ಕ್ವೇಕ್ 3ರ ಸೋರ್ಸ್ ಕೋಡನ್ನ 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ನೆಟ್‌ರೇಡಿಯಂಟ್ ಎಡಿಟರ್ ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಒಂದು ಡಬ್ಬ ಎಳೆದು ಅದನ್ನ ಸಿಲಿಂಡರ್ ಮಾಡಿ, ಕೀಬೋರ್ಡ್‌ನಲ್ಲಿ 'ವಿ' ಒತ್ತಿ. ಬಿಂದುಗಳು ಕಾಣಿಸ್ತವೆ. ಮೂಲೇಲಿ ದೂರ ನಿಂತಿದೆಯಲ್ಲ, ಅದನ್ನ ಹಿಡಿದು ಎಳೀರಿ.