ದಿ ಫಿಲಿಪ್ ದ ಮಾಂಟೆಬೆಲ್ಲೊ ಇಯರ್ಸ್

'ದಿ ಫಿಲಿಪ್ ದ ಮಾಂಟೆಬೆಲ್ಲೊ ಇಯರ್ಸ್' ಎಂಬುದು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದಲ್ಲಿ 2008ರ ಅಕ್ಟೋಬರ್ 24ರಿಂದ 2009ರ ಫೆಬ್ರವರಿ 1ರವರೆಗೆ ನಡೆದ ಕಲಾ ಪ್ರದರ್ಶನ. ಸುಮಾರು 31 ವರ್ಷಗಳ ಕಾಲ ಸಂಸ್ಥೆಯನ್ನು ಮುನ್ನಡೆಸಿ ನಿವೃತ್ತರಾಗುತ್ತಿದ್ದ ನಿರ್ದೇಶಕ ಫಿಲಿಪ್ ದ ಮಾಂಟೆಬೆಲ್ಲೊ ಅವರ ಗೌರವಾರ್ಥ ಇದನ್ನು ಅಲ್ಲಿನ ಕ್ಯುರೇಟರುಗಳು ಏರ್ಪಡಿಸಿದ್ದರು.

ಹಿನ್ನೆಲೆ

ಮಾಂಟೆಬೆಲ್ಲೊ ಅವರು 1936ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. ನೆಪೋಲಿಯನ್ನನ ಸೇನಾನಿ ಮಾರ್ಷಲ್ ಲಾನ್ ಇವರ ಪೂರ್ವಜ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸವನ್ನು ಓದಿ, 1963ರಲ್ಲಿ ಮೆಟ್ರೊಪಾಲಿಟನ್‌ನ ಯುರೋಪಿನ ವರ್ಣಚಿತ್ರಗಳ ವಿಭಾಗವನ್ನು ಸೇರಿದರು. ನಡುವೆ ಕೆಲವು ವರ್ಷ ಹ್ಯೂಸ್ಟನ್ ಲಲಿತಕಲಾ ಸಂಗ್ರಹಾಲಯದ ನಿರ್ದೇಶಕರಾಗಿದ್ದರು. 1977ರಲ್ಲಿ ಥಾಮಸ್ ಹೋವಿಂಗ್ ಅವರ ನಿರ್ಗಮನದ ನಂತರ ಮೊದಲು ಹಂಗಾಮಿಯಾಗಿ, ಮರುವರ್ಷ ಪೂರ್ಣಪ್ರಮಾಣದಲ್ಲಿ ನಿರ್ದೇಶಕರಾದರು. ಆ ಸಂಸ್ಥೆಯ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಈ ಹುದ್ದೆಯಲ್ಲಿದ್ದವರು ಬೇರೊಬ್ಬರಿಲ್ಲ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಲೆಗೆ ಮೀಸಲಾದ ಶಾಲೆಗಳು 1994ರಲ್ಲೂ, ಗ್ರೀಕ್ ಮತ್ತು ರೋಮನ್ ಕಲೆಯ ನವೀಕೃತ ಶಾಲೆಗಳು 2007ರಲ್ಲೂ ಇವರ ಅವಧಿಯಲ್ಲಿಯೇ ತೆರೆದವು. ಸಂಗ್ರಹಾಲಯದ ಧ್ವನಿ ಮಾರ್ಗದರ್ಶಿಗಳಲ್ಲಿ ಸ್ವತಃ ಇವರೇ ವಿವರಣೆ ನೀಡುತ್ತಿದ್ದುದರಿಂದ, ಇವರನ್ನು ಎಂದೂ ಕಾಣದ ಸಂದರ್ಶಕರಿಗೂ ಇವರ ಕಂಠ ಪರಿಚಿತವಾಗಿತ್ತು.

2008ರ ಜನವರಿಯಲ್ಲಿ ಇವರು ನಿವೃತ್ತಿಯ ನಿರ್ಧಾರವನ್ನು ಪ್ರಕಟಿಸಿದರು.

ಪ್ರದರ್ಶನ

ಇವರ ಅವಧಿಯಲ್ಲಿ 84,000ಕ್ಕೂ ಹೆಚ್ಚು ಕಲಾವಸ್ತುಗಳು ಸಂಗ್ರಹಾಲಯವನ್ನು ಸೇರಿದ್ದವು. ಅವುಗಳಲ್ಲಿ ಸುಮಾರು 300ನ್ನು 17 ವಿಭಾಗಗಳ ಕ್ಯುರೇಟರುಗಳು ಆರಿಸಿದರು. ಬೈಜಾಂಟೈನ್ ಕಲಾತಜ್ಞೆ ಹೆಲೆನ್ ಇವಾನ್ಸ್ ಸಂಯೋಜಕಿಯಾಗಿದ್ದರು. ಸಾಮಾನ್ಯವಾಗಿ ಕಲಾವಸ್ತುಗಳನ್ನು ದೇಶ ಅಥವಾ ಶೈಲಿಯ ಪ್ರಕಾರ ಜೋಡಿಸುವುದು ವಾಡಿಕೆ. ಇಲ್ಲಿ ಅವು ಸಂಗ್ರಹಕ್ಕೆ ಬಂದ ಕಾಲಾನುಕ್ರಮವನ್ನು ಅನುಸರಿಸಲಾಯಿತು. ಹೀಗಾಗಿ ಬೇರೆ ಬೇರೆ ಖಂಡಗಳ, ಶತಮಾನಗಳ ಅಂತರವುಳ್ಳ ಕೃತಿಗಳು ಅಕ್ಕಪಕ್ಕದಲ್ಲಿ ನಿಂತವು. ಕೃತಿಯನ್ನು ಹುಡುಕಿ ಅದರ ಪರವಾಗಿ ವಾದಿಸುವವರು ಕ್ಯುರೇಟರುಗಳು, ಒಪ್ಪಿಗೆ ಕೊಟ್ಟು ಹಣ ಅಥವಾ ದಾನಿಯನ್ನು ಹೊಂದಿಸುವವರು ನಿರ್ದೇಶಕರು. ಈ ಜಂಟಿ ದುಡಿಮೆಯೇ ಪ್ರದರ್ಶನದ ನಿಜವಾದ ವಸ್ತುವಾಗಿತ್ತು ಎನ್ನಬಹುದು.

ಆ ಅವಧಿಯ ಪ್ರಮುಖ ಸೇರ್ಪಡೆಗಳಲ್ಲಿ ರೈಟ್ಸ್‌ಮನ್ ದಂಪತಿ 1979ರಲ್ಲಿ ದಾನವಾಗಿತ್ತ ವರ್ಮೀರನ ತರುಣಿಯ ಚಿತ್ರ, 1993ರಲ್ಲಿ ಬಂದ ವ್ಯಾನ್ ಗೋ ರಚಿತ ಸೈಪ್ರೆಸ್ ಮರಗಳಿರುವ ಗೋಧಿ ಹೊಲ ಮತ್ತು 1998ರಲ್ಲಿ ಬಂದ ಜಾಸ್ಪರ್ ಜಾನ್ಸ್‌ರ 'ವೈಟ್ ಫ್ಲ್ಯಾಗ್' ಸೇರಿವೆ. ಹೆಚ್ಚು ಚರ್ಚೆಗೊಳಗಾದದ್ದು 2004ರಲ್ಲಿ ಕೊಂಡ, ಇಟಲಿಯ ದೂಚೊ ರಚಿಸಿದ ಮಾತೆ ಮತ್ತು ಶಿಶುವಿನ ಚಿತ್ರ. ಸುಮಾರು 1300ರ ಆಸುಪಾಸಿನ ಈ ಫಲಕದ ಎತ್ತರ ಚೌಕಟ್ಟೂ ಸೇರಿ ಒಂದು ಅಡಿಗಿಂತ ಕಡಿಮೆ. ಬೆಲೆ ಸುಮಾರು 4.5 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. ಪೂಜೆಯ ಮೇಣದಬತ್ತಿಗಳು ಸುಟ್ಟ ಗುರುತುಗಳು ಅದರ ಚೌಕಟ್ಟಿನ ಕೆಳ ಅಂಚಿನಲ್ಲಿ ಇಂದಿಗೂ ಕಾಣುತ್ತವೆ.

ಮರಳಿಸಿದ ವಸ್ತುಗಳು

ಸಂಗ್ರಹ ಬೆಳೆದ ಇದೇ ಅವಧಿಯಲ್ಲಿ ಕೆಲವು ವಸ್ತುಗಳು ಹೊರಗೂ ಹೋದವು. ದ್ರಾಕ್ಷಾರಸಕ್ಕೆ ನೀರು ಬೆರೆಸಲು ಗ್ರೀಕರು ಬಳಸುತ್ತಿದ್ದ, ಯೂಫ್ರೋನಿಯಸ್ ಚಿತ್ರಿಸಿದ ದೊಡ್ಡ ಮಣ್ಣಿನ ಪಾತ್ರೆಯನ್ನು ಸಂಗ್ರಹಾಲಯವು ಹೋವಿಂಗ್ ಅವರ ಕಾಲದಲ್ಲಿ, 1972ರಲ್ಲಿ, 10 ಲಕ್ಷ ಡಾಲರ್ ಕೊಟ್ಟು ಖರೀದಿಸಿತ್ತು. ಅದು ಕಳ್ಳ ಅಗೆತದಿಂದ ಬಂದದ್ದೆಂದು ಇಟಲಿ ವಾದಿಸಿತು. 2006ರಲ್ಲಿ ಮಾಂಟೆಬೆಲ್ಲೊ ಇಟಲಿಯೊಡನೆ ಒಪ್ಪಂದ ಮಾಡಿಕೊಂಡು, ಈ ಪಾತ್ರೆಯೂ ಸೇರಿ 21 ವಸ್ತುಗಳನ್ನು ಮರಳಿಸಲು ಸಮ್ಮತಿಸಿದರು. ಪ್ರತಿಯಾಗಿ, ಸಮಾನ ಮಹತ್ವದ ಕೃತಿಗಳನ್ನು ದೀರ್ಘಾವಧಿಯ ಎರವಲಾಗಿ ಕೊಡಲು ಇಟಲಿ ಒಪ್ಪಿತು. ಪಾತ್ರೆ ನ್ಯೂಯಾರ್ಕನ್ನು ಬಿಟ್ಟದ್ದು 2008ರ ಜನವರಿಯಲ್ಲಿ, ಅಂದರೆ ನಿವೃತ್ತಿಯ ಪ್ರಕಟಣೆ ಹೊರಬಿದ್ದ ತಿಂಗಳಲ್ಲಿಯೇ.

ನಂತರದ ವರ್ಷಗಳು

ಮಾಂಟೆಬೆಲ್ಲೊ 2008ರ ಅಂತ್ಯದಲ್ಲಿ ಅಧಿಕಾರ ತ್ಯಜಿಸಿದರು. ಚಿತ್ರಪರದೆಗಳ ತಜ್ಞರಾಗಿದ್ದ ಕ್ಯುರೇಟರ್ ಥಾಮಸ್ ಕ್ಯಾಂಪ್‌ಬೆಲ್ ಉತ್ತರಾಧಿಕಾರಿಯಾದರು. ಮಾಂಟೆಬೆಲ್ಲೊ ಆನಂತರ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಗ್ರಹಾಲಯಗಳ ಇತಿಹಾಸದ ಪ್ರಾಧ್ಯಾಪಕರಾದರು.